ಮಧ್ಯಾಹ್ನ ಮಾತ್ರ ಸುಡುವ ಮೇಜು

ಹನ್ನೊಂದು ದಿನದ ಕೂಲಿ ಬಾಕಿ ಇದೆ. ಕೊಡಬೇಕಾದದ್ದು ಒಂದು ಲಾಂಡ್ರಿ. ಬರಬೇಕಾದದ್ದು ಅಲ್ಲಿ ಹತ್ತೊಂಬತ್ತು ವರ್ಷ ಇಸ್ತ್ರಿ ಮಾಡಿದ ಒಬ್ಬ ಹೆಂಗಸಿಗೆ. ಆರು ವರ್ಷವಾಯಿತು, ಇನ್ನೂ ಬಂದಿಲ್ಲ. ಬಾಕಿ ಬಾಕಿಯೇ ಎಂದು ಇಲ್ಲಿ ಬರೆದಿಟ್ಟು ಮುಂದೆ ಹೋಗುತ್ತೇನೆ. ಯಾಕೆಂದರೆ ಲಾಂಡ್ರಿಯವರು ಹಿಡಿದುಕೊಂಡದ್ದು ಕೂಲಿಯನ್ನಷ್ಟೇ ಅಲ್ಲ. ಆ ಹೆಂಗಸಿನ ಕೈಗೆ ಒಂದು ಹೆಸರಿತ್ತು, ಅದನ್ನು ಕೆಡಿಸಿದರು. ಈ ಬರಹ ಆ ಕೈಯದು.

ಆಕೆಯನ್ನು ಎಲ್ಲರೂ ಎಣಿಕೆಯಕ್ಕ ಅನ್ನುತ್ತಿದ್ದರು. ಇಸ್ತ್ರಿ ಕೆಲಸದಲ್ಲಿ ಎಣಿಕೆಯೇ ಜೀವ. ಬೆಡ್‌ಶೀಟಿನ ಅಂಚಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತಿ ಹಿಡಿದು ನಾಲ್ಕು ಎಣಿಸಬೇಕು. ಎರಡಕ್ಕೆ ಎತ್ತಿದರೆ ಸುಕ್ಕು ಉಳಿಯುತ್ತದೆ, ಏಳೆಂಟಕ್ಕೆ ಎತ್ತಿದರೆ ಬಟ್ಟೆ ಸೀದು ಹೋಗುತ್ತದೆ. ಇಸ್ತ್ರಿ ಕೋಣೆಯ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಇದನ್ನೇ ಬರೆಸಿದ್ದರು: ‘ಅಂಚಿಗೆ ನಾಲ್ಕು’. ಉಳಿದವರು ಮನಸ್ಸಿನಲ್ಲಿ ಎಣಿಸುತ್ತಿದ್ದರೆ ಎಣಿಕೆಯಕ್ಕನ ತುಟಿ ಅಲುಗುತ್ತಿತ್ತು. ಬಸ್ಸಿಗೆ ಕಾಯುವಾಗ ಅಲುಗುತ್ತಿತ್ತು. ಚಹಾ ಆರಿಸುವಾಗಲೂ ಅಲುಗುತ್ತಿತ್ತು. ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಆಕೆಯ ನಾದಿನಿ ಬಾಯಿಗೆ ಬಂದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವಳಲ್ಲ. “ನಮ್ಮತ್ತಿಗೆ ನಿದ್ದೇಲಿ ಗೊರಕೆನೂ ನಾಲ್ಕೇ ಹೊಡೀತಾರೆ, ಐದನೇದು ಕೇಳಿದ್ರೆ ನನ್ನ ಕೇಳಿ” ಎಂದು ಸಾರಿಕೊಂಡು ತಿರುಗುತ್ತಿದ್ದಳು.

ಲಾಂಡ್ರಿ ಎರಡು ಅಂತಸ್ತಿನದು. ಕೆಳಗೆ ತೊಳೆಯುವುದು, ಹಿಂಡುವುದು, ಬಾಯ್ಲರು. ಮೇಲೆ ಇಸ್ತ್ರಿ. ಹತ್ತಲು ಇಳಿಯಲು ಒಂದೇ ಮೆಟ್ಟಿಲು, ಅದೂ ಒಬ್ಬರು ಮೂಟೆ ಹೊತ್ತು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿ ನಿಲ್ಲಬೇಕಾದಂಥದು. ಆಸ್ಪತ್ರೆ, ವಸತಿಗೃಹಗಳ ಬೆಡ್‌ಶೀಟುಗಳು ದಿನಕ್ಕೆ ಸಾವಿರದ ಲೆಕ್ಕದಲ್ಲಿ ಬರುತ್ತಿದ್ದವು. ಮೇಲಿನ ಕೋಣೆಯ ಉದ್ದಕ್ಕೂ ಒಂದೇ ಒಂದು ಮೇಜು. ನಾಲ್ಕು ಬೆರಳು ದಪ್ಪದ ಹಲಗೆಗಳನ್ನು ಉದ್ದುದ್ದಕ್ಕೆ ಜೋಡಿಸಿ ಮಾಡಿದ್ದು. ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಬಿಳಿ ಬಟ್ಟೆ. ಮೇಜಿನ ಒಂದೇ ಮಗ್ಗುಲಲ್ಲಿ ಎಂಟು ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು. ಎಣಿಕೆಯಕ್ಕನ ಜಾಗ ಕೊನೆಯದು, ನೀರಿನ ನಲ್ಲಿಯ ಪಕ್ಕ.

ಆ ಮೇಜನ್ನು ನಲವತ್ತು ವರ್ಷದ ಹಿಂದೆ ಮಾಡಿದವರು ಎಣಿಕೆಯಕ್ಕನ ಮಾವ. ಬಡಗಿ. ಹಲಗೆಗಳನ್ನು ಮೇಲೆ ತರಲು ಕಿಟಕಿಯ ಚೌಕಟ್ಟನ್ನೇ ಕಿತ್ತಿದ್ದೆವು ಎಂಬ ಕತೆಯನ್ನು ಅವರು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಸೊಸೆಗೆ ಅಲ್ಲಿ ಕೆಲಸ ಸಿಕ್ಕಾಗ ಅವರು ಹೇಳಿದ್ದು ಒಂದೇ ಮಾತು: “ನನ್ನ ಮೇಜಿನ ಹತ್ರ ನಿಲ್ತೀಯ. ಮರ್ಯಾದೆಯಿಂದ ನಿಲ್ಲು.”

ಇಸ್ತ್ರಿಯವರದೊಂದು ಪದ್ಧತಿ ಇದೆ. ಒಣಗಿ ಬಿರುಸಾದ ಬಟ್ಟೆಗೆ ಹಿಂದಿನ ಸಂಜೆಯೇ ನೀರು ಚಿಮುಕಿಸಿ, ಬಿಗಿಯಾಗಿ ಸುತ್ತಿ, ಉರುಳೆ ಮಾಡಿ ಇಡುತ್ತಾರೆ. ಬೆಳಗಾಗುವಷ್ಟರಲ್ಲಿ ತೇವ ಎಲ್ಲ ಕಡೆ ಸಮನಾಗಿ ಹರಡಿರುತ್ತದೆ. ಇಸ್ತ್ರಿ ಚೆನ್ನಾಗಿ ಕೂರುತ್ತದೆ. ಎಂಟೂ ಜನರ ಉರುಳೆಗಳನ್ನು ಇಡುತ್ತಿದ್ದದ್ದು ನಲ್ಲಿಯ ಪಕ್ಕದ ತುದಿಯಲ್ಲಿ, ಅಂದರೆ ಎಣಿಕೆಯಕ್ಕನ ಜಾಗದಲ್ಲಿ. ವರ್ಷಾನುಗಟ್ಟಲೆ ಹೀಗೆ ನಡೆಯಿತು. ಹಲಗೆಯ ತುದಿ ಕಪ್ಪಗಾಗುವುದನ್ನು ಮೊದಲು ನೋಡಿದವಳು ಎಣಿಕೆಯಕ್ಕ. ಮಾವನ ಮೇಜು ಕೆಡಬಾರದು ಎಂದು ತಾನೇ ಒಂದು ರಜೆಯ ದಿನ ಬಂದು, ಕಂಬಳಿ ತೆಗೆದು, ಮನೆಯ ಬಾಗಿಲಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣವನ್ನು ತನ್ನ ತುದಿಗೆ ಬಳಿದಳು. ಮೇಲೆ, ಅಂಚಿಗೆ, ಕೈ ಎಟುಕುವಷ್ಟು ಅಡಿಗೂ ಬಳಿದಳು. ಎರಡು ಸಲ ಬಳಿದಳು. ಬಣ್ಣ ಬಳಿದರೆ ನೀರು ಒಳಗೆ ಹೋಗುವುದಿಲ್ಲ ಎಂಬುದು ಆಕೆಯ ಎಣಿಕೆ. ಒಳಗಿರುವ ನೀರು ಹೊರಗೂ ಬರುವುದಿಲ್ಲ ಎಂಬುದು ಹೊಳೆಯಲಿಲ್ಲ. ಮಾವನಿಗೆ ಹೇಳಲಿಲ್ಲ, ಅವರು ಮರಕ್ಕೆ ಬಣ್ಣ ಬಳಿಯುವವರನ್ನು ಕಂಡರೆ ಮೂಗು ಮುರಿಯುತ್ತಿದ್ದರು.

ಇದಾಗಿ ಏಳು ವರ್ಷಕ್ಕೆ ಬೆಡ್‌ಶೀಟುಗಳು ಸೀಯತೊಡಗಿದವು.

ಮೊದಲನೆಯದು ಸೀದಾಗ ಆಕೆಗೇ ನಂಬಿಕೆ ಬರಲಿಲ್ಲ. ನಾಲ್ಕೇ ಎಣಿಸಿದ್ದಳು. ಪೆಟ್ಟಿಗೆ ಎತ್ತಿದರೆ ಅಂಚಿನ ಮೇಲೆ ಪೆಟ್ಟಿಗೆಯದೇ ಆಕಾರದ ಕಂದು ಕಲೆ. ಪೆಟ್ಟಿಗೆಯ ಗುಂಡಿ ತಿರುಗಿಸಿ ನೋಡಿದಳು, ಸರಿಯಾಗಿತ್ತು. ಪೆಟ್ಟಿಗೆಯನ್ನೇ ಬದಲಿಸಿದರು. ವಾರದೊಳಗೆ ಎರಡನೆಯದು ಸೀಯಿತು. ಮೇಸ್ತ್ರಿ ಬಂದ. ಅವನು ಒಂದು ಕಾಲದಲ್ಲಿ ಕೆಳಗೆ ಬಟ್ಟೆ ಹಿಂಡುತ್ತಿದ್ದವನು. ಮೇಲೆ ಬಂದ ಮೇಲೆ ಹಿಂಡುವ ಅಭ್ಯಾಸವನ್ನು ಬಿಡದೆ ಜನರ ಮೇಲೆ ಮುಂದುವರಿಸಿದ್ದ.

“ಏನಕ್ಕಾ, ಎಣಿಕೆ ಮರೆತುಹೋಯ್ತಾ?”

“ನಾಲ್ಕೇ ಎಣಿಸಿದ್ದು ಮೇಸ್ತ್ರಿ.”

“ನಾಲ್ಕು ನಾಲ್ಕಲಿ ಹದಿನಾರು ಎಣಿಸಿರ್ತೀಯ.”

“ನಿಮ್ಮ ಸಂಬಳದ ದಿನ ಅಲ್ವಲ್ಲ, ಅಷ್ಟು ನಿಧಾನಕ್ಕೆ ಎಣಿಸೋಕೆ” ಎಂದಳು ಪಕ್ಕದಿಂದ ನಾದಿನಿ. ಸಾಲೆಲ್ಲ ನಕ್ಕಿತು. ಮೇಸ್ತ್ರಿಯೂ ನಕ್ಕ, ನಗುತ್ತಲೇ ಒಂದು ದಿನದ ಕೂಲಿ ಹಿಡಿದ. ಅಲ್ಲಿ ನಿಯಮವೇ ಹಾಗಿತ್ತು: ಒಂದು ಬೆಡ್‌ಶೀಟು ಸುಟ್ಟರೆ ಒಂದು ದಿನ.

ಐದನೆಯದರ ಹೊತ್ತಿಗೆ ನಗು ನಿಂತಿತು. ಪಕ್ಕದವರು ತಮ್ಮ ಬಟ್ಟೆಯನ್ನು ಆಕೆಯ ಕಡೆಗೆ ಸರಿಸದೆ ತಮ್ಮ ಕಡೆಗೆ ಎಳೆದುಕೊಳ್ಳತೊಡಗಿದರು. ಕಣ್ಣು ಮಂಜಾಗಿರಬೇಕು ಎಂದರು ಕೆಲವರು. ವಯಸ್ಸಾಯಿತಲ್ಲ, ಕೈ ನಿಧಾನವಾಗುತ್ತದೆ ಎಂದರು ಇನ್ನು ಕೆಲವರು. ಅದಕ್ಕಿಂತ ಕೆಟ್ಟದ್ದು, ಎಣಿಕೆಯಕ್ಕ ಸ್ವತಃ ಹಾಗೆ ಅಂದುಕೊಳ್ಳತೊಡಗಿದಳು. ನಾಲ್ಕನ್ನು ಮೂರು ಮಾಡಿಕೊಂಡಳು. ಬೆಳಗಿನ ಹೊತ್ತು ಮೂರಕ್ಕೆ ಎತ್ತಿದರೆ ಸುಕ್ಕು ಹಾಗೇ ಉಳಿಯುತ್ತಿತ್ತು. ಮಾಡಿದ್ದನ್ನೇ ಮತ್ತೆ ಮಾಡಬೇಕು, ಲೆಕ್ಕ ಹಿಂದೆ ಬೀಳುತ್ತಿತ್ತು. ಮಧ್ಯಾಹ್ನದ ಮೇಲೆ ಮೂರಕ್ಕೂ ಕಲೆ. ಒಂದೇ ಕೈ ಬೆಳಿಗ್ಗೆ ದುಡುಕಿ, ಮಧ್ಯಾಹ್ನ ಸೋಮಾರಿ. ಮನೆಯಲ್ಲಿ ಕೈಬೆರಳುಗಳನ್ನು ಬಿಡಿಸಿ ಮಡಚಿ ನೋಡಿಕೊಳ್ಳುತ್ತಾ ಕೂರುತ್ತಿದ್ದಳಂತೆ.

ಚಳಿಗಾಲ. ಸಂಜೆ ಪೆಟ್ಟಿಗೆಗಳನ್ನು ಆರಿಸಿದ ಮೇಲೆ, ಹೊರಗಿನ ಚಳಿಗೆ ಹೋಗುವ ಮುಂಚೆ, ಎಂಟೂ ಜನ ಮೇಜಿನ ಮೇಲೆ ಅಂಗೈ ಊರಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ದಿನವಿಡೀ ಕಾದ ಮರ ಬೇಗ ಆರುವುದಿಲ್ಲ. ಎಣಿಕೆಯಕ್ಕ ಮಾತ್ರ ಎಲ್ಲರಿಗಿಂತ ಮೊದಲು ಕೈ ತೆಗೆಯುತ್ತಿದ್ದಳು.

“ಯಾಕತ್ತಿಗೆ, ಅಷ್ಟು ಬೇಗ?”

“ನನ್ನ ಕಡೆ ಆಗಲೇ ಆರಿಹೋಯ್ತು ಕಣೇ.”

ನಾದಿನಿ ಬಂದು ಮುಟ್ಟಿ ನೋಡಿದಳು. “ಹೌದಲ್ಲ! ನಿಮ್ಮ ಮೇಜೂ ನಮ್ಮಣ್ಣನ ಥರಾನೇ ಅತ್ತಿಗೆ. ಬೇಗ ಕಾಯುತ್ತೆ, ಬೇಗ ಆರುತ್ತೆ.”

“ನಿಮ್ಮಣ್ಣ ಆರೋದನ್ನ ನೀನೆಲ್ಲಿ ನೋಡಿದ್ದೀಯ? ಕಾಯೋದು ಮಾತ್ರ ನಾನು ನೋಡಿದ್ದೀನಿ.”

ಎಲ್ಲರೂ ನಕ್ಕು ಚೀಲ ಎತ್ತಿಕೊಂಡು ಇಳಿದರು. ಉತ್ತರ ಅವರ ಅಂಗೈಯಲ್ಲೇ ಇತ್ತು, ಯಾರಿಗೂ ಗೊತ್ತಾಗಲಿಲ್ಲ.

ಹನ್ನೊಂದನೆಯದು ಸೀದಾಗ ಮ್ಯಾನೇಜರು ವಿಚಾರಣೆ ಅಂದರು. ನಾನು ಆಗ ಲಾಂಡ್ರಿ ಕೆಲಸಗಾರರ ಸಂಘದ ಕೆಲಸ ನೋಡುತ್ತಿದ್ದೆ. ಘೇರಾವು, ಧರಣಿ, ಪೊಲೀಸು ಲಾಠಿ ಎಲ್ಲ ಕಂಡವನು; ಇಸ್ತ್ರಿ ಪೆಟ್ಟಿಗೆಯನ್ನು ಮಾತ್ರ ಕೈಯಲ್ಲಿ ಹಿಡಿದವನಲ್ಲ. ಆಕೆಯ ಕೈಯಲ್ಲೇ ಇಸ್ತ್ರಿ ಮಾಡಿಸಿ ಪರೀಕ್ಷೆ ಮಾಡಿ ಎಂದು ಕೇಳಿದವನು ನಾನೇ. ಬೆಳಿಗ್ಗೆ ಒಂಬತ್ತಕ್ಕೆ ಎಂದರು. ಒಪ್ಪಿ ಸಹಿ ಹಾಕಿದವನೂ ನಾನೇ.

ಒಂಬತ್ತಕ್ಕೆ ಮ್ಯಾನೇಜರು ಮೇಲೆ ಬಂದರು. ಆಕೆಯ ಜಾಗದಲ್ಲೇ, ಆಕೆಯ ಪೆಟ್ಟಿಗೆಯಿಂದಲೇ ಹತ್ತು ಬೆಡ್‌ಶೀಟು ಮಾಡಿಸಿದರು. ಕಂಬಳಿ ಎತ್ತಿ ಹಲಗೆ ನೋಡಿದರು. ಹಸಿರು ಬಣ್ಣ ಅಲ್ಲಲ್ಲಿ ಕಂದಿತ್ತು, ಮುಟ್ಟಿದರೆ ನುಣ್ಣಗಿತ್ತು. ಹತ್ತೂ ಬೆಡ್‌ಶೀಟು ಬೆಳ್ಳಗೆ ಬಂದವು. ಎಣಿಕೆಯಕ್ಕನ ಮುಖ ಮಾತ್ರ ಸುಟ್ಟ ಬಟ್ಟೆಯ ಹಾಗಾಯಿತು.

“ನೋಡಿ, ಮನಸ್ಸಿಟ್ಟು ಮಾಡಿದರೆ ಸುಡುವುದಿಲ್ಲ” ಎಂದರು ಮ್ಯಾನೇಜರು. ಪುಸ್ತಕದಲ್ಲಿ ಬರೆದದ್ದು ಒಂದೇ ಪದ: ‘ನಿರ್ಲಕ್ಷ್ಯ’. ಆ ದಿನದಿಂದ ಕೆಲಸದಿಂದ ಅಮಾನತು. ಹದಿನೈದು ದಿನದೊಳಗೆ ಮೇಲ್ಮನವಿ ಕೊಡಬಹುದು. ಅದೂ ಬಿದ್ದುಹೋದರೆ ಕೆಲಸವೇ ಹೋಯಿತು. ಆ ಪದ ಮಾತ್ರ ಆಕೆಯ ಜೊತೆಗೇ ಬರುತ್ತದೆ, ಯಾಕೆಂದರೆ ಯಾವ ಲಾಂಡ್ರಿಗೆ ಹೋದರೂ ಮೊದಲು ಕೇಳುವುದು ಹಿಂದಿನ ಲಾಂಡ್ರಿಯ ಚೀಟಿಯನ್ನು.

ಮರುದಿನ ಮೇಲ್ಮನವಿಗೆ ಹೆಬ್ಬೆರಳೊತ್ತಿಸಲು ನಾನು ಅವರ ಮನೆಗೆ ಹೋದೆ. ಆಕೆ “ಹೆಬ್ಬೆರಳು ಯಾಕೆ, ಸಹಿ ಬರುತ್ತೆ ನನಗೆ” ಎಂದು ಪೆನ್ನು ಕಿತ್ತುಕೊಂಡಳು. ಮನೆ ಎಂದರೆ ಎರಡು ಕೋಣೆ, ಹಿಂದೆ ಮಾವನ ಕೆಲಸದ ಕೊಟ್ಟಿಗೆ. ಮಾವ ಅಲ್ಲೇ ಮೊಂಡು ಉಳಿ ಮಸೆಯುತ್ತಾ ಕೂತಿದ್ದರು. ಕಿವಿ ಚುರುಕು.

“ಮೇಜಲ್ಲೇನಾದ್ರೂ ತೊಂದರೆ ಇರಬಹುದಾ?” ಎಂದೆ.

“ಯಾವ ಮೇಜಲ್ಲಿ?” ಮಸೆಯುವುದು ನಿಂತಿತು. “ನಾನು ಮಾಡಿದ ಮೇಜಲ್ಲಾ? ನಲವತ್ತು ವರ್ಷ ಸುಡದ್ದು ಈಗ ಸುಡುತ್ತಾ? ಮೇಜು ಸುಡಲ್ಲ ಸ್ವಾಮಿ, ಕೈ ಸುಡುತ್ತೆ.”

“ಹೇಳಿ ಮಾವ, ನೀವೂ ಹೇಳಿಬಿಡಿ” ಎಂದಳು ಆಕೆ. “ಮೇಸ್ತ್ರಿ ಹೇಳಿದ, ಮ್ಯಾನೇಜರ್ ಹೇಳಿದ್ರು. ಮನೇಲಿ ಒಬ್ಬರು ಬಾಕಿ ಇದ್ರಿ.”

ನಾದಿನಿ ಒಳಗಿನಿಂದಲೇ ಕೂಗಿದಳು: “ಅಪ್ಪಾ, ನಿನ್ನ ಮೇಜು ಸಂಜೆ ಅತ್ತಿಗೆ ಕಡೆ ತಣ್ಣಗಾಗಿರುತ್ತೆ, ನಮ್ಮ ಕಡೆ ಬೆಚ್ಚಗಿರುತ್ತೆ. ಅದ್ಯಾಕೆ ಹೇಳು, ಆಮೇಲೆ ಬೈ.”

ಮುದುಕರು ತಲೆಯೆತ್ತಿದರು. “ಏನಂದೆ?”

ಅವಳು ಬಂದು ಮತ್ತೆ ಹೇಳಿದಳು. ಬೇಗ ಕಾಯುತ್ತೆ, ಬೇಗ ಆರುತ್ತೆ. ಅಣ್ಣನ ಹೋಲಿಕೆಯನ್ನು ಮಾತ್ರ ಬಿಟ್ಟಳು. ಅವರು ಉಳಿಯನ್ನು ಕೆಳಗಿಟ್ಟು ಸೊಸೆಯನ್ನೇ ನೋಡಿದರು.

“ಆ ತುದಿಗೆ ಏನು ಮಾಡಿದೆ?”

ಆಕೆಯ ತುಟಿ ಅಲುಗಿತು. ನಾಲ್ಕು ಎಣಿಸಿದಳೋ ಏನೋ. ಆಮೇಲೆ ಹೇಳಿದಳು: “ಬಣ್ಣ ಬಳಿದೆ ಮಾವ. ನೀರು ಬೀಳುತ್ತಲ್ಲಾ ಅಂತ.”

“ಬಣ್ಣ?”

“ಹಸಿರು. ಬಾಗಿಲಿಂದು ಮಿಕ್ಕಿತ್ತಲ್ಲ.”

“ನನ್ನ ಮೇಜಿಗೆ ಬಾಗಿಲ ಬಣ್ಣ!” ಎದ್ದು ನಿಂತರು, ಕೂತರು, ಮತ್ತೆ ಎದ್ದರು. “ಕೆಲಸ ಹೋದ್ರೆ ಹೋಗ್ಲಿ ಅಂತಿದ್ದೆ. ಇದಕ್ಕೆ ನಿನ್ನ ಜೈಲಿಗೆ ಹಾಕಬೇಕು. ಒದ್ದೆ ಮರಕ್ಕೆ ಬಣ್ಣ ಬಳಿಯೋದಂದ್ರೆ ಮೈ ಒರೆಸದೆ ರೇನ್‌ಕೋಟು ಹಾಕಿದ ಹಾಗೆ. ಒಳಗೇ ಬೆವೆತು ಬೆವೆತು ಬೂಷ್ಟು ಹಿಡಿಯುತ್ತೆ.”

ಬೈಗುಳ ಒಂದಷ್ಟು ಹೊತ್ತು ನಡೆಯಿತು. ಯಾರೂ ತಡೆಯಲಿಲ್ಲ. ಬೈದು ಮುಗಿದ ಮೇಲೆ ಅವರು ಕೊಟ್ಟಿಗೆಯ ಅಟ್ಟದಿಂದ ಎರಡು ಮರದ ತುಂಡು ಇಳಿಸಿದರು. ಎರಡೂ ಒಂದೇ ಹಳೆಯ ಕಿಟಕಿಯವು. ಒಂದು ಮೇಲಿನ ಪಟ್ಟಿಯದು, ಇನ್ನೊಂದು ಕೆಳಗಿನದು, ನೀರು ನಿಂತು ಕೊಳೆತು ಆಮೇಲೆ ಅಟ್ಟದಲ್ಲಿ ಒಣಗಿದ್ದು. ಸೊಸೆಯ ಎರಡು ಕೈಗೆ ಒಂದೊಂದು ಕೊಟ್ಟರು.

“ಏನನ್ಸುತ್ತೆ?”

“ಇದು ಭಾರ. ಇದು ಬ್ರೆಡ್ಡಿನ ಹಾಗಿದೆ.”

“ಭಾರ ಕೇಳಲಿಲ್ಲ. ಯಾವುದು ತಣ್ಣಗಿದೆ?”

ಆಕೆ ಕಣ್ಣು ಮುಚ್ಚಿದಳು. “ಗಟ್ಟಿದು ತಣ್ಣಗಿದೆ. ಕೊಳೆತದ್ದು ಬೆಚ್ಚಗಿದೆ.” ಕಣ್ಣು ತೆರೆದಳು. “ಎರಡೂ ಒಂದೇ ಅಟ್ಟದಲ್ಲಿದ್ವಲ್ಲ ಮಾವ, ಇದ್ಯಾಕೆ ಬೆಚ್ಚಗಾಯ್ತು?”

“ಬೆಚ್ಚಗಾಗಿಲ್ಲ. ನಿನ್ನ ಕೈ ಬಿಸೀನ ಅದು ತಗೊಳ್ತಾ ಇಲ್ಲ, ಅಷ್ಟೇ. ಗಟ್ಟಿ ಮರ ಬಿಸಿ ಕುಡಿಯುತ್ತೆ, ಒಳಗೆ ಇಳಿಸ್ಕೊಳ್ಳುತ್ತೆ. ಬೂಷ್ಟು ಮರದ ತಿರುಳು ತಿಂದು ಗಾಳಿ ತುಂಬಿಸಿ ಹೋಗಿರುತ್ತೆ. ಬಿಸಿ ಇಳಿಯೋಕೆ ದಾರಿ ಇಲ್ಲ, ಇಟ್ಟುಕೊಳ್ಳೋಕೆ ಜಾಗಾನೂ ಇಲ್ಲ. ಮೇಲೇ ನಿಂತುಬಿಡುತ್ತೆ. ಪೆಟ್ಟಿಗೆ ಬಿಸಿ ಎಲ್ಲ ನಿನ್ನ ಬಟ್ಟೆಗೇ. ಪೆಟ್ಟಿಗೆ ಎತ್ತಿದ್ಯೋ, ಹಿಡಿದಿಟ್ಟದ್ದು ಏನೂ ಇಲ್ವಲ್ಲ, ತಣ್ಣಗಾಯ್ತು.”

ನಾನು ಕೇಳಿದೆ: “ಹಾಗಾದರೆ ಬೆಳಿಗ್ಗೆ ಯಾಕೆ ಸುಡಲಿಲ್ಲ? ಹತ್ತು ಬೆಡ್‌ಶೀಟು ಮಾಡಿದ್ರು.”

ಮುದುಕರು ಗದ್ದ ಕೆರೆದುಕೊಂಡರು. ಎಣಿಕೆಯಕ್ಕ ಎರಡೂ ತುಂಡುಗಳನ್ನು ಹಿಡಿದು ಬಚ್ಚಲಿಗೆ ಹೋದಳು. ಕೊಳೆತದ್ದನ್ನು ಬಕೆಟ್ಟಿನಲ್ಲಿ ಅದ್ದಿದಳು. ಅದು ಗುಳುಗುಳು ಎಂದು ಗುಳ್ಳೆ ಬಿಡುತ್ತಾ ನೀರು ಕುಡಿಯಿತು. ಎತ್ತಿ, ಸೆರಗಿನಲ್ಲಿ ಒರೆಸಿ, ಮತ್ತೆ ಎರಡು ಕೈಯಲ್ಲಿ ಹಿಡಿದಳು.

“ಈಗ ಇದೇ ಹೆಚ್ಚು ತಣ್ಣಗಿದೆ” ಎಂದಳು. ಧ್ವನಿಯಲ್ಲಿ ಏರಿಳಿತ ಇರಲಿಲ್ಲ. “ಗಾಳಿ ಇದ್ದ ಕಡೆ ನೀರು ಬಂತು. ನೀರು ಬಿಸಿ ಎಳ್ಕೊಳ್ಳುತ್ತೆ. ರಾತ್ರಿಯೆಲ್ಲ ಉರುಳೆ ನನ್ನ ತುದಿ ಮೇಲಿರುತ್ತೆ, ಬಣ್ಣ ತಾಗದ ಹಲಗೆ ಸಂದೀಲಿ ನೀರು ಇಳಿಯುತ್ತೆ, ಬೆಳಿಗ್ಗೆ ಅದು ಒದ್ದೆ. ಒಂಬತ್ತು ಗಂಟೆಗೆ ಸುಡಲ್ಲ. ಮಧ್ಯಾಹ್ನದ ತನಕ ನಾವೇ ಪೆಟ್ಟಿಗೆ ಉಜ್ಜಿ ಉಜ್ಜಿ ಒಣಗಿಸ್ತೀವಿ. ಹಲಗೆ ಸಂದಿಂದ ಆವಿ ಬರುತ್ತೆ, ನನ್ನ ಮೊಣಕಾಲಿಗೆ ತಾಗುತ್ತೆ. ಅದು ನಿಂತ ಮೇಲೆ ಸುಡುತ್ತೆ. ಹನ್ನೊಂದೂ ಊಟ ಆದ ಮೇಲೆ ಸೀದದ್ದು.”

ಸೊಸೆ ಮನೆಗೆ ಬಂದ ಮೇಲೆ ಮೊದಲ ಬಾರಿಗೆ ಮಾವ ಆಕೆಯ ಮಾತಿಗೆ ಎದುರು ಮಾತಾಡಲಿಲ್ಲ ಎಂದು ನಾದಿನಿ ಆಮೇಲೆ ಊರಿಗೆಲ್ಲ ಹೇಳಿದಳು.

ನಾನು ಮೇಲ್ಮನವಿಯಲ್ಲಿ ಒಂದೇ ಸಾಲು ಸೇರಿಸಿದೆ: ವಿಚಾರಣೆ ಮಧ್ಯಾಹ್ನ ಮೂರು ಗಂಟೆಗೆ, ಅದೇ ಮೇಜಿನ ಬಳಿ ನಡೆಯಬೇಕು. ಮ್ಯಾನೇಜರು ಊಟದ ನಂತರ ಬಿಡುವಾಗಿರುತ್ತಿದ್ದರು, ಒಪ್ಪಿದರು. ಸಂಘದಿಂದ ಬಾಗಿಲಲ್ಲಿ ಘೋಷಣೆ ಕೂಗಿಸುವುದು ನನ್ನ ಯೋಜನೆ. ಹೆಂಗಸರು ಕೇಳಲಿಲ್ಲ. “ನೀವು ಕೂಗಿದ್ರೆ ಅವರು ಕಿಟಕಿ ಮುಚ್ಕೋತಾರೆ” ಎಂದಳು ನಾದಿನಿ. “ನಾವು ಇಸ್ತ್ರಿ ಮಾಡ್ತೀವಿ.” ಏಳು ಜನ ಒಬ್ಬೊಬ್ಬರಾಗಿ ಆ ತುದಿಯಲ್ಲಿ ಒಂದೊಂದು ಅಂಚು ಒತ್ತುವುದು ಎಂದಾಯಿತು. ಸುಟ್ಟರೆ ಏಳು ಜನರಿಗೂ ಒಂದೊಂದು ದಿನದ ಕೂಲಿ ಹೋಗುತ್ತದೆ ಎಂದು ನಾನು ನೆನಪಿಸಿದೆ. “ಸುಡದಿದ್ರೆ ಅಕ್ಕನ ಕೆಲಸ ಹೋಗುತ್ತೆ” ಎಂದಳು ಸಾಲಿನ ಹಿರಿಯಳು. ಮಾತು ಅಲ್ಲಿಗೆ ಮುಗಿಯಿತು.

ಅಮಾನತಾದ ಹನ್ನೊಂದನೆಯ ದಿನ. ಬೆಳಗಿನಿಂದ ಏಳು ಜನ ಸರದಿಯಲ್ಲಿ ಆಕೆಯ ಜಾಗದಲ್ಲೂ ಇಸ್ತ್ರಿ ಮಾಡಿ ಆ ತುದಿಯನ್ನು ಒಣಗಿಸಿದ್ದರು. ಮೂರು ಗಂಟೆ. ಮ್ಯಾನೇಜರು, ಮೇಸ್ತ್ರಿ, ನಾನು, ಸಾಕ್ಷಿಯಾಗಿ ಮೇಜು ಮಾಡಿದ ಬಡಗಿ. ಮುದುಕರು ಉಳಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಎಣಿಕೆಯಕ್ಕ ಮೇಜಿನಿಂದ ಎರಡು ಹೆಜ್ಜೆ ದೂರ, ಕೈಗಳನ್ನು ಬೆನ್ನಿಗೆ ಕಟ್ಟಿ ನಿಂತಳು.

“ನೀನು ಮಾಡಿ ತೋರಿಸು” ಎಂದರು ಮ್ಯಾನೇಜರು.

“ನಾನು ಮುಟ್ಟಲ್ಲ ಸಾರ್. ಎಣಿಸ್ತೀನಿ. ಗೋಡೆ ಮೇಲೆ ನೀವು ಬರೆಸಿದಷ್ಟೇ.”

ಸಾಲಿನ ಹಿರಿಯಳು ಬಂದು ಬೆಡ್‌ಶೀಟಿನ ಅಂಚು ಹಾಸಿ ಪೆಟ್ಟಿಗೆ ಒತ್ತಿದಳು. ಎಣಿಕೆಯಕ್ಕ ಜೋರಾಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಪೆಟ್ಟಿಗೆ ಎತ್ತಿದರೆ ಕಂದು ಕಲೆ. ಎರಡನೆಯವಳು ಬಂದಳು, ಎಣಿಕೆ, ಕಲೆ. ಮೂರನೆಯವಳು. ನಾಲ್ಕನೆಯವಳು. ಐದನೆಯವಳು ಹೋದ ತಿಂಗಳಷ್ಟೇ ಸೇರಿದ್ದವಳು. ಹೆದರಿ ಮೂರಕ್ಕೇ ಎತ್ತಿಬಿಟ್ಟಳು. ಅದಕ್ಕೂ ಕಲೆ ಬಂತು, ಸ್ವಲ್ಪ ತಿಳಿ ಬಣ್ಣದ್ದು. ಕೊನೆಯವಳು ನಾದಿನಿ. ಏಳು ಅಂಚು, ಏಳು ಕಲೆ. ಆಮೇಲೆ ಅದೇ ಏಳು ಜನ ಮೇಜಿನ ಇನ್ನೊಂದು ತುದಿಗೆ ನಡೆದುಹೋಗಿ, ಅದೇ ಪೆಟ್ಟಿಗೆಯಿಂದ, ಅದೇ ಎಣಿಕೆಗೆ ಒತ್ತಿದರು. ಏಳೂ ಬೆಳ್ಳಗೆ.

“ನೀವೆಲ್ಲ ಮಾತಾಡಿಕೊಂಡು ಬಂದಿದ್ದೀರಿ” ಎಂದರು ಮ್ಯಾನೇಜರು.

“ಹೌದು ಸಾರ್, ಮಾತಾಡಿಕೊಂಡೇ ಬಂದಿದ್ದೀವಿ” ಎಂದಳು ನಾದಿನಿ. “ಆದ್ರೆ ಮೇಜಿನ ಜೊತೆ ಮಾತಾಡಿಲ್ಲ. ಅನುಮಾನ ಇದ್ರೆ ನೀವೇ ಒಂದು ಕೈ ನೋಡಿ.”

ಅವರು ಸಿಟ್ಟಿನಲ್ಲಿ ಪೆಟ್ಟಿಗೆ ತೆಗೆದುಕೊಂಡರು, ಅದನ್ನಂತೂ ಮೆಚ್ಚಬೇಕು. ಬೆಡ್‌ಶೀಟು ಬೇಡ ಎಂದು ತಮ್ಮದೇ ಕರವಸ್ತ್ರ ಹಾಸಿದರು. ಎಣಿಕೆಯಕ್ಕ ಎಣಿಸಿದಳು, ಒಂದಿಷ್ಟೂ ಅವಸರ ಇಲ್ಲದೆ, ಒಂದಿಷ್ಟೂ ಎಳೆಯದೆ. ಕರವಸ್ತ್ರ ಸೀಯಿತು.

ಮೇಸ್ತ್ರಿ ಅಷ್ಟರಲ್ಲಿ ಕಂಬಳಿ ಎತ್ತಿದ್ದ. ಮುದುಕರು ಉಳಿಯನ್ನು ಹಸಿರು ಬಣ್ಣಕ್ಕೆ ಊರಿದರು. ಸುತ್ತಿಗೆ ಬೇಕಾಗಲಿಲ್ಲ, ಅಂಗೈಯಿಂದ ಒತ್ತಿದ್ದಕ್ಕೆ ಉಳಿ ಹಿಡಿಯ ತನಕ ಇಳಿಯಿತು. ಸಿಪ್ಪೆಯ ಹಾಗೆ ಬಣ್ಣ ಎದ್ದು ಬಂತು. ಕೆಳಗೆ ಮರವೇ ಇರಲಿಲ್ಲ ಅನ್ನಬೇಕು. ಬಿರಿದ ಕೆರೆಯಂಗಳದ ಹಾಗೆ ಸಣ್ಣ ಸಣ್ಣ ಚೌಕವಾಗಿ ಒಡೆದ ಕಂದು ತುಂಡುಗಳು, ಬೆರಳಲ್ಲಿ ಹಿಸುಕಿದರೆ ಪುಡಿ. ಇನ್ನೂ ಸ್ವಲ್ಪ ಬಗೆದರು. ಒಂದು ಕಡೆ ಕಂದು ಹೋಗಿ ಕಪ್ಪಾಗಿತ್ತು. ಗಾಳಿ ತಾಗಿದ್ದೇ ತಡ, ಆ ಕಪ್ಪಿನೊಳಗೆ ಒಂದು ಕೆಂಪು ಚುಕ್ಕೆ ಕಣ್ಣು ಬಿಟ್ಟಿತು. ಸಣ್ಣ ಹೊಗೆ. ಒಣಗಿ ಟೊಳ್ಳಾದ ಮರ ಗಟ್ಟಿ ಮರಕ್ಕಿಂತ ಬೇಗ ಕಿಡಿ ಹಿಡಿಯುತ್ತದೆ, ಕಿಡಿ ಉರಿಯದೆ ಒಳಗೊಳಗೇ ಹರಿಯುತ್ತದೆ.

ಎಣಿಕೆಯಕ್ಕ ನಲ್ಲಿಯಡಿಯ ಬಕೆಟ್ಟನ್ನು ಎತ್ತಿ ಅದರ ಮೇಲೆ ಸುರಿದಳು. ಚುಯ್ ಎಂದಿತು. ಎಲ್ಲರೂ ಒಂದೇ ಸಲ ಆ ಒಂಟಿ ಮೆಟ್ಟಿಲಿನ ಕಡೆ ನೋಡಿದರು. ಮುದುಕರು ಮಾತ್ರ “ಹಸಿರು ಬಣ್ಣ” ಎಂದು ಗೊಣಗಿದರು.

ಮೇಜಿನ ಆ ತುದಿಯನ್ನು ಒಂದೂವರೆ ಮಾರು ಕತ್ತರಿಸಿ ತೆಗೆದರು. ಹೊಸ ಹಲಗೆ ಬಂತು. ಉರುಳೆ ಇಡಲು ಕಬ್ಬಿಣದ ಗೂಡು ಬಂತು. ಏಳು ಜನರ ಕೂಲಿ ಹಿಡಿಯಲಿಲ್ಲ. ಎಣಿಕೆಯಕ್ಕನಿಗೆ ನಾಳೆಯಿಂದ ಕೆಲಸಕ್ಕೆ ಬಾ ಎಂದು ಕರೆ ಬಂತು. ನಾನು ಗೆದ್ದೆವು ಅಂದುಕೊಂಡೆ.

ಆಕೆ ಪುಸ್ತಕ ತೋರಿಸಿ ಎಂದಳು. ‘ನಿರ್ಲಕ್ಷ್ಯ’ ಎಂಬುದು ಹಾಗೇ ಇತ್ತು. ಅದರ ಕೆಳಗೆ ‘ಮೇಜು ದುರಸ್ತಿ ಮಾಡಲಾಗಿದೆ’ ಎಂದು ಬರೆದಿದ್ದರು. ಎರಡಕ್ಕೂ ಒಪ್ಪಿ ಆಕೆ ಸಹಿ ಹಾಕಿದರೆ ಮಾತ್ರ ಕೆಲಸ.

“ಮೇಲಿನದನ್ನ ಹೊಡೆದುಹಾಕಿ ಸಾರ್.”

“ಅದನ್ನ ಹೊಡೆದರೆ ನಾವು ಮಾಡಿದ ಪರೀಕ್ಷೆ ತಪ್ಪು ಅಂತಾಗುತ್ತಮ್ಮ.”

“ತಪ್ಪೇ ತಾನೆ?”

“ಕೆಲಸ ವಾಪಸ್ ಸಿಕ್ಕಿದೆಯಲ್ಲ, ಒಂದು ಪದಕ್ಕೆ ಯಾಕೆ ತಲೆ ಕೆಡಿಸ್ಕೋತೀಯ?”

ಆಕೆ ಹೇಳಿದ್ದನ್ನು ನಾನು ಅಕ್ಷರಶಃ ಬರೆದಿಟ್ಟುಕೊಂಡಿದ್ದೇನೆ: “ಬಣ್ಣ ಬಳಿದದ್ದು ನಾನೇ. ಅದು ನನ್ನ ತಪ್ಪು, ಅದನ್ನ ಬರೀರಿ, ಈಗಲೇ ಸಹಿ ಹಾಕ್ತೀನಿ. ಹನ್ನೊಂದು ಬೆಡ್‌ಶೀಟು ನನ್ನ ಕೈ ಸುಟ್ಟಿಲ್ಲ. ಅದಕ್ಕೆ ಹಾಕಲ್ಲ.”

ಅವರು ಬರೆಯಲಿಲ್ಲ, ಹೊಡೆಯಲೂ ಇಲ್ಲ. ಆಕೆ ಸಹಿ ಹಾಕಲಿಲ್ಲ. ಸಹಿ ಇಲ್ಲದೆ ಒಳಗೆ ಬಿಡಲಿಲ್ಲ. ಸಂಘ ಮೇಲಿನವರಿಗೆ ನಾಲ್ಕು ಅರ್ಜಿ ಕೊಟ್ಟಿತು, ಎರಡಕ್ಕೆ ತಲುಪಿದೆ ಎಂಬ ಉತ್ತರ ಬಂತು, ಅಷ್ಟೇ. ಆಕೆ ಬೇರೆ ಎರಡು ಲಾಂಡ್ರಿಗೆ ಹೋದಳು. ಚೀಟಿ ನೋಡಿ ಕಳಿಸಿದರು. ಈಗ ಒಬ್ಬ ದರ್ಜಿಯ ಅಂಗಡಿಯಲ್ಲಿ ಅಂಗಿ ಇಸ್ತ್ರಿ ಮಾಡುತ್ತಾಳೆ. ಸಂಬಳ ಹಿಂದಿನದರ ಅರ್ಧ. ಮಾವ ತೀರಿಕೊಂಡರು. ನಾದಿನಿ ಇನ್ನೂ ಅದೇ ಲಾಂಡ್ರಿಯಲ್ಲಿದ್ದಾಳೆ, ಸಂಘದ ಕೆಲಸವನ್ನು ನನಗಿಂತ ಚೆನ್ನಾಗಿ ನಡೆಸುತ್ತಿದ್ದಾಳೆ. ಅತ್ತಿಗೆ ಸಹಿ ಹಾಕಿ ಒಳಗೆ ಬರಬಹುದಿತ್ತು ಎಂದು ಯಾರಾದರೂ ಅಂದರೆ ಅವಳು ಜಗಳಕ್ಕೆ ನಿಲ್ಲುತ್ತಾಳೆ. ನಾನು ನಿಲ್ಲುವುದಿಲ್ಲ, ಬರಬಹುದಿತ್ತು, ನಿಜ. ಬರಲಿಲ್ಲ. ಅದು ಆಕೆಯ ಲೆಕ್ಕ.

ಆ ಪದ ಬರೆದ ಕೈ ಕೆಟ್ಟ ಕೈಯಲ್ಲ. ನೋಡಿದ್ದನ್ನೇ ಬರೆಯಿತು. ನೋಡಿದ್ದು ಬೆಳಿಗ್ಗೆ ಒಂಬತ್ತಕ್ಕೆ, ಮರ ಒದ್ದೆಯಿದ್ದಾಗ.

ಇದನ್ನು ಓದುತ್ತಿರುವ ನೀವು ಎಲ್ಲೋ ಒಂದು ಕಡೆ ಇನ್ನೊಬ್ಬರ ಕೆಲಸದ ಬಗ್ಗೆ ಬರೆಯುವವರೇ ಆಗಿರುತ್ತೀರಿ. ಮೇಲಧಿಕಾರಿ ಆಗಿರಬಹುದು, ಲೆಕ್ಕ ನೋಡುವವರು ಆಗಿರಬಹುದು, ಮನೆಗೆಲಸದವಳ ಮೇಲೆ ದೂರು ಹೇಳುವವರಷ್ಟೇ ಆಗಿರಬಹುದು. ಇಂದು ನಿಮ್ಮ ಪುಸ್ತಕ ತೆಗೆಯಿರಿ. ಯಾರ ಹೆಸರಿನ ಮುಂದೆ ‘ನಿರ್ಲಕ್ಷ್ಯ’ ಎಂದು ಬರೆದಿದ್ದೀರೋ ಅದರ ಪಕ್ಕದಲ್ಲಿ, ನೀವು ಆ ಜಾಗದಲ್ಲಿ ನಿಂತು ನೋಡಿದ ಗಂಟೆಯನ್ನು ಬರೆಯಿರಿ. ಬರೆಯಲು ಗಂಟೆ ಇಲ್ಲದಿದ್ದರೆ ಆ ಪದವನ್ನು ಹೊಡೆದುಹಾಕಿ, ಕೆಳಗೆ ನಿಮ್ಮ ಸಹಿ ಹಾಕಿ. ಹಾಕುತ್ತೀರಾ, ಇಲ್ಲವಾ?